ತಲೆಸೆರಗು

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣ ಹಾಗೂ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಹೆಣ್ಣುಮಕ್ಕಳು ಸೀರೆಯ ಸೆರಗನ್ನು ತಲೆಗೆ ಹೊದ್ದುಕೊಳ್ಳುವ ರೂಢಿ. ಹಿರಿಯರ ಎದುರಿಗೆ, ಲಚ್ಯಾಣದ ಸಿದ್ಧಲಿಂಗ ಮಹಾರಾಜರ ಮಠದಂಥ ಕಡೆ ಕೈಮುಗಿಯುವಾಗ ಸೆರಗು ತಾನಾಗಿ ನೆತ್ತಿಗೇರುತ್ತದೆ. ಇದಕ್ಕೆ ಇಳಕಲ್ ಸೀರೆ ಹೇಳಿ ಮಾಡಿಸಿದ್ದು: ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆಯದು; ಎರಡರ ಹಾಸಿನೆಳೆಗಳನ್ನು ಕೊಂಡಿ ಹಾಕಿ ಬೆಸೆಯುತ್ತಾರೆ. ಸೆರಗಿನ ಬಿಳಿ ತೆನೆಗಳೇ ಅದರ ಚೆಲುವು. ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ; ಲಿಂಗಾಯತರಲ್ಲಿ ಹಣೆಗೆ ವಿಭೂತಿ, ಕೊರಳಿಗೆ ಇಷ್ಟಲಿಂಗ.

ತಲೆ ಮುಚ್ಚುವ ರೂಢಿ ಬೇರೆಡೆಯೂ ಉಂಟು. ಅಮೆರಿಕದ ಆಮಿಷ್ ಮತ್ತು ಸಂಪ್ರದಾಯಸ್ಥ ಮೆನೊನೈಟ್ ಕ್ರೈಸ್ತ ಪಂಥಗಳ ಸ್ತ್ರೀಯರು ತಲೆವಸ್ತ್ರಕ್ಕೆ ಬೈಬಲಿನ ಮಾತನ್ನು ಆಧಾರವಾಗಿ ಹೇಳುತ್ತಾರೆ. ನಮ್ಮ ಸೀಮೆಯಲ್ಲಿ ಮನೆತನದ ಮರ್ಯಾದೆಯೇ ಆಧಾರ. ಆದರೆ 12ನೆಯ ಶತಮಾನದ ವಚನಕಾರ್ತಿ ಅಕ್ಕಮಹಾದೇವಿ ಉಡುಪನ್ನೇ ತೊರೆದು ಕೇಶದಿಂದ ಮೈ ಮುಚ್ಚಿಕೊಂಡಳೆಂದು ಪರಂಪರೆ ಹೇಳುತ್ತದೆ. ಆದರೂ ಅವಳ ಪಟಕ್ಕೆ ಇಲ್ಲಿಯ ತಾಯಂದಿರು ತಲೆಸೆರಗು ಹೊದ್ದೇ ಕೈಮುಗಿಯುತ್ತಾರೆ.