ನಂಜನಗೂಡಿನ ಹಸಿರು ಲಿಂಗ: ಪಚ್ಚೆಯೋ, ಜೇಡೋ?

ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದಲ್ಲಿ ಟಿಪ್ಪು ಸುಲ್ತಾನ್ ಒಪ್ಪಿಸಿದನೆಂಬ ಹಸಿರು ಲಿಂಗವಿದೆ. ಸುಲ್ತಾನನ ಪಟ್ಟದ ಆನೆಗೆ ಕಣ್ಣು ಹೋಗಿತ್ತಂತೆ. ನಂಜುಂಡನಿಗೆ ಹರಕೆ ಹೊತ್ತ ಮೇಲೆ ದೃಷ್ಟಿ ಮರಳಿತೆಂದೂ, ಸುಲ್ತಾನ ದೇವರನ್ನು ‘ಹಕೀಮ ನಂಜುಂಡ’ ಎಂದು ಕರೆದು ಪಚ್ಚೆಯ ಲಿಂಗ ಕೊಟ್ಟನೆಂದೂ ಊರಿನವರು ಹೇಳುತ್ತಾರೆ. ಆ ಕಲ್ಲು ನಿಜಕ್ಕೂ ಪಚ್ಚೆಯೇ ಎಂಬ ಪ್ರಶ್ನೆ ಹಿಡಿದು ನಾನು ದಾಖಲೆಗಳನ್ನು ತಿರುವಿಹಾಕಿದೆ.

ಮೊದಲು ತೆರೆದದ್ದು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 3ನೇ ಸಂಪುಟ. 1894ರ ಈ ಸಂಪುಟದಲ್ಲಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಒಟ್ಟಿಗೆ ಇವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ನಂಜನಗೂಡಿನವು 3ನೇ ಸಂಪುಟದಲ್ಲೂ ನರಸೀಪುರದವು 5ನೇ ಸಂಪುಟದಲ್ಲೂ ಸಿಗುತ್ತವೆ. ಯಾರು ಕೊಟ್ಟರು, ಯಾರಿಗೆ ಕೊಟ್ಟರು ಎಂಬುದನ್ನು ಶಾಸನ ಚೆನ್ನಾಗಿ ಹೇಳುತ್ತದೆ. ನಂಜನಗೂಡು ತಾಲ್ಲೂಕಿನ ಕಳಲೆಯ ಲಕ್ಷ್ಮೀಕಾಂತ ದೇವಸ್ಥಾನದ ಬೆಳ್ಳಿ ಬಟ್ಟಲುಗಳ ಮೇಲೆ ಟಿಪ್ಪುವಿನ ಹೆಸರೇ ಇದೆ. ಬೆಳ್ಳಿಯ ಬಗ್ಗೆ ತಕರಾರಿಲ್ಲ. ಹಸಿರು ಕಲ್ಲಿನ ಮಾತು ಬೇರೆ. ಇತಿಹಾಸಕಾರ ಬಿ.ಎ. ಸಾಲೆತ್ತೂರ ಅವರು ಟಿಪ್ಪುವಿನ ದೇವಸ್ಥಾನ ದತ್ತಿಗಳ ಕುರಿತ ಲೇಖನದಲ್ಲಿ ಇದನ್ನು ಪಾದಶಾಹ ಲಿಂಗವೆಂದು ಹೆಸರಿಸಿ, ಒಂಬತ್ತೂವರೆ ಇಂಚು ಎತ್ತರದ ಹಸಿರು ಜೇಡ್ ಕಲ್ಲೆನ್ನುತ್ತಾರೆ. ಅಷ್ಟು ದೊಡ್ಡ ಪಚ್ಚೆ ಬಹಳ ಅಪರೂಪ, ಜೇಡ್‌ನಲ್ಲಿ ಅಷ್ಟು ಗಾತ್ರ ಸಹಜ. ನನ್ನ ಒಲವು ಸಾಲೆತ್ತೂರರ ಕಡೆಗೆ. ಆದರೆ ಗಾತ್ರವೊಂದನ್ನೇ ನೋಡಿ ತೀರ್ಪು ಕೊಡಲಾಗದು.

ಬಣ್ಣ ನೋಡಿ ತೀರ್ಮಾನಿಸೋಣವೆಂದರೆ ಅಲ್ಲೊಂದು ತೊಡಕು. ಪಚ್ಚೆ ಎಂದರೆ ಬೆರಿಲ್ ಎಂಬ ಖನಿಜ, ಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ. 1797ರಲ್ಲಿ ಪ್ಯಾರಿಸ್ಸಿನ ರಸಾಯನಶಾಸ್ತ್ರಜ್ಞ ವೋಕ್ಲಾಂ ಸೈಬೀರಿಯಾದ ಕೆಂಪು ಸೀಸದ ಅದಿರಿನಲ್ಲಿ ಕ್ರೋಮಿಯಂ ಕಂಡುಹಿಡಿದ. ಬೇಗನೆ ಪೆರುವಿನ ಪಚ್ಚೆಯಲ್ಲೂ ಅದೇ ಧಾತು ಸಿಕ್ಕಿತು. 1799ರ ಮೇ 4ರಂದು ಟಿಪ್ಪುವಿನ ಶ್ರೀರಂಗಪಟ್ಟಣ ಬೀಳುವ ಹೊತ್ತಿಗೆ ಹಸಿರಿನ ಗುಟ್ಟು ಯುರೋಪಿನಲ್ಲಿ ಆಗಷ್ಟೇ ಹೊರಬಿದ್ದಿತ್ತು. ಜೇಡ್‌ನ ಒಂದು ಬಗೆಯಾದ ಕಡುಹಸಿರು ಜೇಡೈಟ್‌ಗೂ ಬಣ್ಣ ಕೊಡುವುದು ಇದೇ ಕ್ರೋಮಿಯಂ.

ಆ ಬಣ್ಣದ ಮೂಲ ಇಲೆಕ್ಟ್ರಾನುಗಳಲ್ಲಿದೆ. ಕ್ರೋಮಿಯಂ ಪರಮಾಣುವಿನಲ್ಲಿ 24 ಇಲೆಕ್ಟ್ರಾನುಗಳಿವೆ. ಅದರ ಹಿಂದಿನ ವೆನೇಡಿಯಂನಲ್ಲಿ ಹೊರಗಿನ 4s ಕಕ್ಷಕದಲ್ಲಿ ಎರಡು, ಒಳಗಿನ 3d ಕಕ್ಷಕಗಳಲ್ಲಿ ಮೂರು. ಆ ಲೆಕ್ಕದಲ್ಲಿ ಕ್ರೋಮಿಯಂಗೆ 3dಯಲ್ಲಿ ನಾಲ್ಕು ಇರಬೇಕಿತ್ತು. ಇರುವುದು ಐದು, 4sನಲ್ಲಿ ಒಂದೇ. ಐದು d ಕಕ್ಷಕಗಳಲ್ಲೂ ಒಂದೊಂದು ಇಲೆಕ್ಟ್ರಾನ್ ಇರುವ ಈ ಏರ್ಪಾಡಿನಲ್ಲಿ ಶಕ್ತಿ ಕಡಿಮೆ. ಖನಿಜದಲ್ಲಿ ಅಲ್ಯೂಮಿನಿಯಂನ ಜಾಗಕ್ಕೆ ಬಂದಾಗ ಅದು ಮೂರು ಇಲೆಕ್ಟ್ರಾನು ಬಿಟ್ಟುಕೊಟ್ಟು ಮೂರನ್ನು d ಕಕ್ಷಕಗಳಲ್ಲಿ ಉಳಿಸಿಕೊಳ್ಳುತ್ತದೆ. ಸುತ್ತಲಿನ ಆರು ಆಕ್ಸಿಜನ್‌ಗಳ ಒತ್ತಡಕ್ಕೆ ಐದು ಕಕ್ಷಕಗಳು ಕೆಳಗೆ ಮೂರು, ಮೇಲೆ ಎರಡು ಎಂದು ಒಡೆಯುತ್ತವೆ. ಮೂರು ಇಲೆಕ್ಟ್ರಾನುಗಳೂ ಕೆಳಗಿನ ಮೂರರಲ್ಲಿ ಒಂದೊಂದಾಗಿ ಕೂರುತ್ತವೆ. ಕೆಳಗಿನಿಂದ ಮೇಲಕ್ಕೆ ಜಿಗಿಯಲು ಬೇಕಾದ ಶಕ್ತಿ ಬೆಳಕಿನಿಂದ ಬರುತ್ತದೆ. ಹೀರಿಕೊಳ್ಳದೆ ಉಳಿದ ಬೆಳಕೇ ನಮ್ಮ ಕಣ್ಣಿಗೆ ಬಣ್ಣ. ಮಾಣಿಕ್ಯದಲ್ಲಿ ಆಕ್ಸಿಜನ್‌ಗಳ ಹಿಡಿತ ಬಿಗಿ, ಜಿಗಿತಕ್ಕೆ ಸುಮಾರು 2.2 ಇಲೆಕ್ಟ್ರಾನ್ ವೋಲ್ಟ್ ಬೇಕು, ಕಲ್ಲು ಕೆಂಪಾಗಿ ಕಾಣುತ್ತದೆ. ಪಚ್ಚೆಯಲ್ಲಿ ಹಿಡಿತ ತುಸು ಸಡಿಲ, ಸುಮಾರು 2 ಸಾಕು, ಹಸಿರಾಗುತ್ತದೆ. ಎರಡರಲ್ಲೂ ಇರುವುದು ಅದೇ ಮೂರು ಇಲೆಕ್ಟ್ರಾನು.

ಭೂವಿಜ್ಞಾನದ ದಾಖಲೆಗಳ ಪ್ರಕಾರ ಇದೇ ಧಾತು ನಮ್ಮ ಮಣ್ಣಿನಲ್ಲೂ ಸಿಗುತ್ತದೆ. ಮೈಸೂರು ಭೂವಿಜ್ಞಾನ ಇಲಾಖೆ 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ನೇತೃತ್ವದಲ್ಲಿ ಆರಂಭವಾಯಿತು. ಮೈಸೂರಿನ ದಕ್ಷಿಣಕ್ಕೆ, ನಂಜನಗೂಡಿನ ನೆರೆಯ ಸಿಂಧುವಳ್ಳಿಯಲ್ಲಿ ಕ್ರೋಮೈಟ್ ಗಣಿಗಳಿದ್ದವು. ಕಬ್ಬಿಣ, ಕ್ರೋಮಿಯಂ, ಆಕ್ಸಿಜನ್ ಕೂಡಿದ ಆ ಅದಿರು ಕಡುಗಪ್ಪು. ಅದನ್ನು ಸೋಡಾದೊಂದಿಗೆ ಗಾಳಿಯಲ್ಲಿ ಹುರಿದರೆ ಹಳದಿ ಕ್ರೋಮೇಟ್ ಆಗುತ್ತದೆ: ಉಳಿದಿದ್ದ ಮೂರು d ಇಲೆಕ್ಟ್ರಾನುಗಳೂ ಹೋಗಿ, ಇತರ ವಸ್ತುಗಳಿಂದ ಇಲೆಕ್ಟ್ರಾನು ಕಸಿಯುವ ವಿಷಕಾರಿ ರೂಪ. ಕಪ್ಪೋ ಹಸಿರೋ, ನಿರುಪದ್ರವವೋ ವಿಷವೋ ಎಂಬುದನ್ನು ನಿರ್ಧರಿಸುವುದು ಇಲೆಕ್ಟ್ರಾನುಗಳ ಎಣಿಕೆ ಮತ್ತು ಅವುಗಳ ಏರ್ಪಾಡು.

ಹಾಗಾಗಿ ಹಸಿರು ಬಣ್ಣವೊಂದರಿಂದ ಪಚ್ಚೆಯೋ ಜೇಡೋ ಹೇಳಲಾಗದು. ಆ ಬಣ್ಣದ ರೋಹಿತ ಮಾತ್ರ ಹೇಳಬಲ್ಲದು. ಜೇಡೈಟ್‌ನಲ್ಲಿ ಕಬ್ಬಿಣದ ಇಲೆಕ್ಟ್ರಾನುಗಳಿಂದಾಗಿ ನೇರಳೆಯ 437 ನ್ಯಾನೋಮೀಟರ್ ಬಳಿ ಕಪ್ಪು ಗೆರೆ ಮೂಡುತ್ತದೆ, ಪಚ್ಚೆಯಲ್ಲಿ ಆ ಗೆರೆ ಇರದು. 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ಪರಿಣಾಮವನ್ನೇ ಆಧರಿಸಿದ ಉಪಕರಣ, ಕಲ್ಲನ್ನು ಮುಟ್ಟದೆ, ಗೀರದೆ ಅದರ ಖನಿಜವನ್ನು ಗುರುತಿಸುತ್ತದೆ. ಪೂಜೆಯಲ್ಲಿರುವ ಲಿಂಗಕ್ಕೆ ಇದಕ್ಕಿಂತ ಗೌರವದ ಪರೀಕ್ಷೆ ಇನ್ನಿಲ್ಲ. ದೇವಸ್ಥಾನದ ಅನುಮತಿ ಪಡೆದು ಮಾಡಿದ ಇಂಥ ಅಳತೆ ಶಾಸನ ಸಂಪುಟಗಳ ಪಕ್ಕದಲ್ಲಿ ಕೂರಲು ತಕ್ಕ ದಾಖಲೆ. ದಾನಿ ಯಾರೆಂದು ಅಕ್ಷರ ಹೇಳಲಿ, ಕಲ್ಲು ಯಾವುದೆಂದು ಇಲೆಕ್ಟ್ರಾನುಗಳು ಹೇಳಲಿ.