ಯಕ್ಷಗಾನದ ಅರ್ಥಗಾರಿಕೆ ಮತ್ತು ಅನೇಕಾಂತ ದೃಷ್ಟಿ

ಕರಾವಳಿ ಹಾಗೂ ಮಲೆನಾಡಿನ ಜನಜೀವನದಲ್ಲಿ ಬೆರೆತ ಯಕ್ಷಗಾನವು ಗೀತ, ವಾದ್ಯ, ನೃತ್ಯ, ಮಾತುಗಳ ಸಂಗಮವಾಗಿದೆ. ಭಾಗವತರು ಚೆಂಡೆ, ಮದ್ದಳೆಗಳೊಡನೆ ಪ್ರಸಂಗದ ಪದ್ಯವನ್ನು ಹಾಡುತ್ತಾರೆ; ವೇಷಧಾರಿಯು ಅದಕ್ಕೆ ಕುಣಿದು ಅರ್ಥ ಹೇಳುತ್ತಾನೆ. ಪದ್ಯವು ಲಿಖಿತ, ಅರ್ಥವು ಆಶು. ಆದುದರಿಂದ ರಾವಣನ ಪಾತ್ರಧಾರಿಯು ರಾವಣನ ಪಕ್ಷವನ್ನು ತಾನೇ ಚಿಂತಿಸಿ ಮಂಡಿಸಬೇಕಾಗುತ್ತದೆ. ವೇಷವಿಲ್ಲದ ತಾಳಮದ್ದಳೆಯಲ್ಲಂತೂ ಈ ವಾದವೇ ಪ್ರಧಾನ.

ಈ ದೃಷ್ಟಿ ಜೈನ ಕವಿಗಳಿಗೆ ಅಪರಿಚಿತವಲ್ಲ. 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ ರನ್ನನೇ ‘ಗದಾಯುದ್ಧ’ದಲ್ಲಿ ದುರ್ಯೋಧನನ ಛಲಕ್ಕೂ ಶೋಕಕ್ಕೂ ಘನತೆಯನ್ನಿತ್ತನು. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದ ರಾವಣನು ಸೀತೆಯ ದೃಢಶೀಲವನ್ನು ಕಂಡು ಪಶ್ಚಾತ್ತಾಪಪಡುತ್ತಾನೆ, ಆದರೂ ಅಭಿಮಾನವನ್ನು ತೊರೆಯಲಾರದೆ ಯುದ್ಧದಲ್ಲಿ ಅಳಿಯುತ್ತಾನೆ. ಇಲ್ಲಿ ದೋಷಕ್ಕೆ ಸಮರ್ಥನೆಯೂ ಇಲ್ಲ, ದೋಷಿಯಲ್ಲಿ ತಿರಸ್ಕಾರವೂ ಇಲ್ಲ. ಎದುರಾಳಿಯ ಮಾತನ್ನು ಕೇಳದೆ ತೀರ್ಪು ಕೊಡಲಾಗದೆಂಬ ಸಂಯಮವು ಅನೇಕಾಂತದ ಮೊದಲ ಮೆಟ್ಟಿಲು.

ಜೈನ ಹೆಗ್ಗಡೆ ಮನೆತನದ ಆಡಳಿತದಲ್ಲಿರುವ ಧರ್ಮಸ್ಥಳದ ಮಂಜುನಾಥ ಕ್ಷೇತ್ರವು ತನ್ನದೇ ಮೇಳವನ್ನು ನಡೆಸಿಕೊಂಡು ಬಂದಿದೆ. ಭಕ್ತರು ಹರಕೆಯಾಗಿ ಆಟ ಆಡಿಸುತ್ತಾರೆ. ಮತಭೇದವಿಲ್ಲದೆ ಪುರಾಣಕಥೆಗಳಿಗೆ ದೊರೆತ ಈ ಆಶ್ರಯವೂ ಆ ಸಂಯಮದ ಫಲವೇ ಸರಿ.

ರಾತ್ರಿಯಿಡೀ ನಡೆಯುತ್ತಿದ್ದ ಆಟವು ಇಂದು ಹಲವೆಡೆ ಕಾಲಮಿತಿಗೆ ಒಳಪಟ್ಟಿದೆ. ದುಡಿಯುವ ಜನರಿಗೆ ಇದು ಅನುಕೂಲವೇ. ಆದರೆ ಏನನ್ನು ಉಳಿಸಬೇಕೆಂಬುದು ಆಟ ಆಡಿಸುವವರ ವಿವೇಕಕ್ಕೆ ಸೇರಿದ್ದು. ಯುದ್ಧದ ಕುಣಿತವನ್ನು ಉಳಿಸಿಕೊಂಡು ಸಂವಾದವನ್ನು ಕೈಬಿಟ್ಟರೆ, ಮಕ್ಕಳ ಕಣ್ಣಿಗೆ ವೈರಿಯ ವಧೆಯಷ್ಟೇ ಕಂಡೀತು. ಅವನು ಯಾವ ಕಷಾಯದಿಂದ ಕೆಟ್ಟನೆಂಬುದು ತಿಳಿಯದೆ ಹೋದೀತು.