ಸೌದೆಯಿಂದ ಅನಿಲ: ತುಮಕೂರಿನ ಒಂದು ಯೋಜನೆ ಕಲಿಸಿದ ಪಾಠ



ಮಾಂಬಳ್ಳಿಯವರಾದ ನಮಗೆ ಸೌದೆ ಒಲೆ ಹೊಸದಲ್ಲ. ಮನೆಯ ಅಡುಗೆಗೂ, ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವುದಕ್ಕೂ ಸೌದೆಯೇ ಆಧಾರವಾಗಿದ್ದ ಕಾಲವನ್ನು ನಮ್ಮ ಹಿರಿಯರು ಬಲ್ಲರು. ಅದೇ ಸೌದೆಯಿಂದ ಅನಿಲ ತಯಾರಿಸಿ, ಆ ಅನಿಲದಿಂದ ಹಳ್ಳಿಗಳಿಗೆ ವಿದ್ಯುತ್ ಒದಗಿಸುವ ದೊಡ್ಡ ಪ್ರಯತ್ನವೊಂದು ನಮ್ಮ ರಾಜ್ಯದಲ್ಲೇ ನಡೆಯಿತು. ಅದಕ್ಕೆ ವಿದೇಶದ ನೆರವೂ ಬಂತು. ಹಣ ಬಂದ ಮೇಲೆ ಎದುರಾದ ಕಷ್ಟಗಳೇನು ಎಂಬುದನ್ನು ನೀವು ತಿಳಿಯಬೇಕು.

ಗುಜರಾತ್, ಅಸ್ಸಾಂಗಳಂತೆ ನಮ್ಮಲ್ಲಿ ನೈಸರ್ಗಿಕ ಅನಿಲದ ಬಾವಿಗಳಿಲ್ಲ. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿನ ಕಡೆಗೆ ಅನಿಲದ ಕೊಳವೆ ಮಾರ್ಗ ಬಂದದ್ದು 2013ರಲ್ಲಿ. ಅದಕ್ಕೆ ಬಹಳ ಹಿಂದೆಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಬೇರೊಂದು ದಾರಿ ಹುಡುಕಿದ್ದರು. ಒಣಗಿದ ಸೌದೆ ತುಂಡುಗಳನ್ನು ಮುಚ್ಚಿದ ಕುಲುಮೆಯಲ್ಲಿ ಹಾಕಿ ಗಾಳಿಯನ್ನು ಕಡಿಮೆ ಬಿಟ್ಟರೆ, ಸೌದೆ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ಬೆರೆತ ಅನಿಲ ಹೊರಡುತ್ತದೆ. ಅದನ್ನು ತಣಿಸಿ, ಮಸಿ ಮತ್ತು ಟಾರನ್ನು ಸೋಸಿ ಇಂಜಿನ್‌ಗೆ ಕೊಟ್ಟರೆ ವಿದ್ಯುತ್ ಸಿಗುತ್ತದೆ. ಈ ಯಂತ್ರಕ್ಕೆ ಗ್ಯಾಸಿಫೈಯರ್ ಎಂದು ಹೆಸರು.

1988ರಲ್ಲಿ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಇದರ ಪ್ರಯೋಗ ಆರಂಭವಾಯಿತು. ಸುಮಾರು 35 ಮನೆಗಳ, ವಿದ್ಯುತ್ ತಂತಿ ತಲುಪದ ಊರು ಅದು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಎಲ್ಲವೂ ಸೌದೆಯ ಅನಿಲದಿಂದ ನಡೆದವು. ಊರಿನವರೇ ತರಬೇತಿ ಪಡೆದು ಯಂತ್ರ ನಡೆಸಿದರು. ವಿಜ್ಞಾನಿಗಳು ಅಲ್ಲಿ ಒಂದು ಸಂಗತಿಯನ್ನು ಗಮನಿಸಿದರು. 5 ಕಿಲೋವ್ಯಾಟ್ ಮಾತ್ರ ಬಳಸಿದಾಗ ಸೌದೆ ಮತ್ತು ನಿರ್ವಹಣೆಯ ಖರ್ಚು ಯೂನಿಟ್ಟಿಗೆ 5 ರೂಪಾಯಿ 85 ಪೈಸೆ ಬೀಳುತ್ತಿತ್ತು. 20 ಕಿಲೋವ್ಯಾಟ್ ಬಳಸಿದಾಗ ಅದು 3 ರೂಪಾಯಿ 34 ಪೈಸೆಗೆ ಇಳಿಯುತ್ತಿತ್ತು. ಆದರೆ ಸಣ್ಣ ಊರಿಗೆ ಅಷ್ಟು ವಿದ್ಯುತ್ ಎಲ್ಲಿ ಬೇಕು?

ಈ ಅನುಭವದ ಬೆನ್ನಲ್ಲೇ 2001ರಲ್ಲಿ ‘ಗ್ರಾಮೀಣ ಭಾರತಕ್ಕೆ ಜೀವರಾಶಿ ಇಂಧನ’ ಯೋಜನೆ ತುಮಕೂರು ಜಿಲ್ಲೆಗೆ ಬಂತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇದನ್ನು ‘ಬೇರಿ’ ಎಂದು ಕರೆದರು. ಜಾಗತಿಕ ಪರಿಸರ ನಿಧಿಯಿಂದ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ ಸುಮಾರು 40 ಲಕ್ಷ ಡಾಲರ್ ನೆರವು ದೊರೆಯಿತು. ಭಾರತ-ಕೆನಡಾ ಪರಿಸರ ನಿಧಿ, ಕೇಂದ್ರ ಸರ್ಕಾರ, ರಾಜ್ಯದ ಗ್ರಾಮೀಣಾಭಿವೃದ್ಧಿ ಇಲಾಖೆಗಳೂ ಕೈಜೋಡಿಸಿದವು. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 500 ಕಿಲೋವ್ಯಾಟ್ ಘಟಕ ಎದ್ದು ನಿಂತಿತು. ಊರಿಗೆ ಬೇಕಾಗದ ವಿದ್ಯುತ್ತು ವ್ಯರ್ಥವಾಗದಿರಲೆಂದು ಅದನ್ನು ಬೆಸ್ಕಾಂ ಜಾಲಕ್ಕೆ ಯೂನಿಟ್ಟಿಗೆ 2 ರೂಪಾಯಿ 85 ಪೈಸೆಯಂತೆ ಮಾರುವ ಏರ್ಪಾಡಾಯಿತು.

ಕಷ್ಟ ಶುರುವಾದದ್ದು ಇಲ್ಲಿಂದ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 1.35 ಕಿಲೋ ಒಣ ಸೌದೆ ಬೇಕು. ನಾವೇ ಒಂದು ಲೆಕ್ಕ ಹಾಕೋಣ. 100 ಕಿಲೋವ್ಯಾಟಿನ ಒಂದು ಇಂಜಿನ್ ಹತ್ತು ಗಂಟೆ ಓಡಿದರೆ 1,000 ಯೂನಿಟ್. ಬರುವ ಹಣ 2,850 ರೂಪಾಯಿ. ಸುಡುವ ಸೌದೆ 1,350 ಕಿಲೋ. ಸೌದೆ ಕಿಲೋಗೆ ಎರಡು ರೂಪಾಯಿ ಎಂದಿಟ್ಟುಕೊಂಡರೆ ಅದಕ್ಕೇ 2,700 ರೂಪಾಯಿ ಹೋಯಿತು. ಉಳಿದ 150 ರೂಪಾಯಿಯಲ್ಲಿ ಸೌದೆ ಕಡಿಯುವವರ ಕೂಲಿ, ಯಂತ್ರ ನಡೆಸುವವರ ಸಂಬಳ, ಫಿಲ್ಟರ್ ಶುಚಿ, ರಿಪೇರಿ ಎಲ್ಲವೂ ಆಗಬೇಕು! ಸೌದೆಯ ಬೆಲೆ ಕಾಲು ರೂಪಾಯಿ ಏರಿದರೂ ನಷ್ಟವೇ.

ಹಾಗಾದರೆ ಸೌದೆಯನ್ನು ತಾವೇ ಬೆಳೆಯಬಾರದೇ ಎಂದು ನೀವು ಕೇಳಬಹುದು. ಬೆಳೆಯಲು ಗಿಡ ನೆಟ್ಟರು. ಆದರೆ ಗಿಡ ಸೌದೆಯಾಗಲು ವರ್ಷಗಳು ಬೇಕು. ಮಳೆ ಕಡಿಮೆಯಿರುವ ಆ ಸೀಮೆಯಲ್ಲಿ ಇನ್ನೂ ತಡ. ಸಾಲದ್ದಕ್ಕೆ ತಂತಿಯಲ್ಲಿ ವಿದ್ಯುತ್ ನಿಂತಾಗಲೆಲ್ಲ ಜಾಲಕ್ಕೆ ಜೋಡಿಸಿದ ಘಟಕವೂ ನಿಲ್ಲಬೇಕಿತ್ತು. ಐದು ವರ್ಷಕ್ಕೆಂದು ಯೋಚಿಸಿದ ಯೋಜನೆ ಮುಂದಕ್ಕೆ ಹೋಗುತ್ತಾ 2012ರವರೆಗೆ ನಡೆಯಿತು. ತಂತ್ರಜ್ಞಾನ ಸರಿಯೆಂದು ಸಿದ್ಧವಾಯಿತು; ಆದರೆ ಸಾಮರ್ಥ್ಯಕ್ಕೆ ತಕ್ಕಷ್ಟು ವಿದ್ಯುತ್ ಬರಲಿಲ್ಲ.

ಇದರಲ್ಲಿ ವಿಜ್ಞಾನಿಗಳ ಶ್ರಮವನ್ನು ಹಗುರವಾಗಿ ಕಾಣುವಂತಿಲ್ಲ. ನೆರವಿನ ಹಣದಿಂದ ಕಟ್ಟಡ ಎದ್ದಿತು, ಯಂತ್ರ ಬಂತು, ತರಬೇತಿಯೂ ಸಿಕ್ಕಿತು. ಆದರೆ ದಿನದಿನದ ಸೌದೆಗೂ ಕೂಲಿಗೂ ನೆರವು ಕೊನೆಯವರೆಗೆ ಬರುವುದಿಲ್ಲ. ಆ ಖರ್ಚು ವಿದ್ಯುತ್ ಮಾರಿದ ದುಡ್ಡಿನಿಂದಲೇ ಹುಟ್ಟಬೇಕಿತ್ತು. 2 ರೂಪಾಯಿ 85 ಪೈಸೆಯ ದರದಲ್ಲಿ ಅದು ಹುಟ್ಟುವುದು ಕಷ್ಟವಾಗಿತ್ತು.

ನಾಳೆ ನಿಮ್ಮಲ್ಲಿ ಕೆಲವರು ಇಂಜಿನಿಯರ್ ಆಗುವಿರಿ, ಕೆಲವರು ಪಂಚಾಯಿತಿಯಲ್ಲೋ ಸಂಘ ಸಂಸ್ಥೆಗಳಲ್ಲೋ ಲೆಕ್ಕ ನೋಡುವಿರಿ. ಯಾರಾದರೂ ದೊಡ್ಡ ಮೊತ್ತದ ನೆರವಿನೊಂದಿಗೆ ಊರಿಗೆ ಬಂದರೆ ಸಂತೋಷದಿಂದ ಸ್ವಾಗತಿಸಿ. ಆದರೆ ಕಾಗದಕ್ಕೆ ಸಹಿ ಹಾಕುವ ಮೊದಲು ಇಷ್ಟನ್ನು ಕೇಳಿ: ನೆರವು ನಿಂತ ಮರುದಿನದ ಖರ್ಚನ್ನು ಯಾರು ಕೊಡುತ್ತಾರೆ? ಯಾವ ಆದಾಯದಿಂದ? ಹೊಸಹಳ್ಳಿ, ಕಬ್ಬಿಗೆರೆಗಳ ಅನುಭವ ನಮಗೆ ಕಲಿಸುವುದು ಈ ಪ್ರಶ್ನೆಗಳನ್ನು.